ಧಾರವಾಡಕ್ಕೆ ಓದೋಕೆ ಬರ್ತಿದೀರಾ? ಊಟದ ವಿಷಯ ಮೊದಲು ಓದ್ಕೊಳಿ

ಅಡ್ಮಿಷನ್ ಸೀಸನ್ ಶುರುವಾದ್ರೆ ಸಾಕು, ನಂಗೆ ಬರೋ ಮೆಸೇಜುಗಳೆಲ್ಲ ಒಂದೇ ಥರ. ಅಣ್ಣ ಅಲ್ಲಿ ಅನ್ನ ಸಿಗತ್ತಾ, ಮುದ್ದೆ ಸಿಗತ್ತಾ, ದಿನಾ ರೊಟ್ಟಿ ತಿಂದ್ರೆ ಹೊಟ್ಟೆ ತಡ್ಕೊಳತ್ತಾ, ತಿಂಗಳಿಗೆ ಎಷ್ಟಾಗತ್ತೆ, ಪೇಡಾ ಎಲ್ಲಿ ತಗೊಳೋದು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಎಲ್ಲ ಬರೆದಿಡ್ತಿದೀನಿ. ನಾನು ತಿಪಟೂರು ಕಡೆಯೋನು, ಇಲ್ಲಿಗೆ ಬಂದು ಎರಡನೇ ವರ್ಷ. ಹಾಗಾಗಿ ತುಮಕೂರು, ಹಾಸನ, ಮಂಡ್ಯ, ಶಿವಮೊಗ್ಗ ಕಡೆಯಿಂದ ಬರೋರಿಗೆ ಇದು ಹೆಚ್ಚು ಉಪಯೋಗ ಆಗಬಹುದು. ಗದಗ, ಬಾಗಲಕೋಟೆ ಕಡೆಯೋರು ಓದಿದ್ರೆ ನಗ್ತೀರ, ನಗಿ ಪರವಾಗಿಲ್ಲ.

ಮುದ್ದೆ ಪ್ರಶ್ನೆಗೆ ಮೊದಲೇ ಉತ್ತರ: ಮರೆತುಬಿಡಿ. ಹುಡುಕಿದ್ರೆ ಎಲ್ಲೋ ಸಿಗಬಹುದು, ಆದ್ರೆ ಅದನ್ನ ಹುಡುಕ್ಕೊಂಡು ಓಡಾಡೋ ಟೈಮಲ್ಲಿ ಬಿಸಿ ರೊಟ್ಟಿ ತಣ್ಣಗಾಗತ್ತೆ.

1. ಬಸ್ ಹತ್ತೋಕೆ ಮುಂಚೆ ಒಂದಿಪ್ಪತ್ತು ಪದ ಕಲಿತ್ಕೊಳಿ

ತಮಾಷೆಗೆ ಹೇಳ್ತಿಲ್ಲ. ನಾನು ಬಂದ ಮೊದಲ ವಾರ ಅಂಗಡೀಲಿ ಕಡ್ಲೆಪುರಿ ಕೊಡಿ ಅಂದ್ರೆ ಅವರು ಕಡ್ಲೆ ತೋರಿಸ್ತಾರೆ, ನಾನು ಅದಲ್ಲ ಅಂತೀನಿ, ಇಬ್ಬರೂ ಕನ್ನಡವೇ ಮಾತಾಡ್ತಿದೀವಿ, ಇಬ್ಬರಿಗೂ ಅರ್ಥ ಆಗ್ತಿಲ್ಲ. ಇಲ್ಲಿ ಅದು ಚುರಮರಿ. ತಿಂಡಿ ಅಂದ್ರೆ ನಾಷ್ಟಾ. ಈರುಳ್ಳಿ ಉಳ್ಳಾಗಡ್ಡಿ, ಕಡ್ಲೆಕಾಯಿ ಬೀಜ ಶೇಂಗಾ, ಹುರಿಗಡ್ಲೆ ಪುಠಾಣಿ, ಹುಚ್ಚೆಳ್ಳು ಗುರೆಳ್ಳು, ಬೇಳೆ ಬ್ಯಾಳಿ, ತರಕಾರಿ ಕಾಯಿಪಲ್ಲೆ, ಸೊಪ್ಪು ತಪ್ಪಲ, ಸಕ್ಕರೆ ಸಕ್ರಿ. ಸೀಬೆಹಣ್ಣು ಪೇರಲ ಹಣ್ಣು. ಆಪೂಸ್ ಅಂದ್ರೆ ಆಲ್ಫಾನ್ಸೊ ಮಾವು, ಏಪ್ರಿಲ್-ಮೇ ತಿಂಗಳಲ್ಲಿ ಈ ಪದ ಬಹಳ ಕಿವಿಗೆ ಬೀಳತ್ತೆ.

ಇನ್ನೊಂದು ಮುಖ್ಯವಾದ್ದು 'ರೀ'. ಕೊಡ್ರಿ, ಹಾಕ್ರಿ, ಸಾಕ್ರಿ, ಎಷ್ಟಾತ್ರಿ. ಬಡಿಸೋರು ಹೆಂಗಸರಾದ್ರೆ ಅಕ್ಕಾರ, ವಯಸ್ಸಾದ ಗಂಡಸಾದ್ರೆ ಕಾಕಾ. ನಮ್ಮ ಕಡೆ ಥರ ಮಾಲೀಕರನ್ನ 'ಗುರು' ಅಂತ ಕರೆದ್ರೆ ಯಾರೂ ಬೈಯಲ್ಲ, ಆದ್ರೆ ಎರಡನೇ ಸಲ ಪಲ್ಯ ಬರೋದು ಸ್ವಲ್ಪ ಲೇಟಾಗತ್ತೆ. ಹಾಗೇ ಅವರು ಜೋರಾಗಿ ಮಾತಾಡಿದ್ರೆ ಜಗಳ ಅಂದ್ಕೋಬೇಡಿ, "ಯಾಕೋ ತಮ್ಮಾ, ರೊಟ್ಟಿ ಸೇರವಲ್ದೇನ?" ಅಂತ ಕೇಳೋದು ಪ್ರೀತಿಯಿಂದಾನೇ.

2. ಮೊದಲ ದಿನವೇ ತಿಂಗಳ ದುಡ್ಡು ಕಟ್ಟಬೇಡಿ

ಖಾನಾವಳಿ ಅಂದ್ರೆ ಊಟದ ಮನೆ, ನಮ್ಮ ಕಡೆ ಮೆಸ್ ಅಂತೀವಲ್ಲ ಅದೇ, ಆದ್ರೆ ಇಲ್ಲಿ ಜೋಳದ ರೊಟ್ಟಿನೇ ಮುಖ್ಯ. ಸಪ್ತಾಪುರದ ಸುತ್ತ ಕಾಂಪಿಟಿಟಿವ್ ಎಕ್ಸಾಮ್‌ಗೆ ಓದೋ ಹುಡುಗ ಹುಡುಗೀರು ತುಂಬಿರೋದ್ರಿಂದ ಪಿಜಿ, ಲೈಬ್ರರಿ, ಖಾನಾವಳಿ ಮೂರೂ ಒಂದರ ಪಕ್ಕ ಒಂದು ಸಿಗತ್ತೆ. ಕೆಸಿಡಿ (ಕರ್ನಾಟಕ ಕಾಲೇಜು) ಕಡೆ, ಯೂನಿವರ್ಸಿಟಿ ಕಡೆ, ಕಲ್ಯಾಣ ನಗರ, ಜುಬಿಲಿ ಸರ್ಕಲ್ ಹತ್ರಾನೂ ಇವೆ.

ಎಲ್ಲರೂ ಮಾಡೋ ತಪ್ಪು ಏನಂದ್ರೆ, ಅಪ್ಪ ಅಮ್ಮ ಬಿಡೋಕೆ ಬಂದಿರ್ತಾರೆ, ರೂಮಿನ ಕೆಳಗೇ ಒಂದು ಮೆಸ್ ಇರತ್ತೆ, ಅಮ್ಮ ಒಳಗೆ ಹೋಗಿ ನೋಡಿ ಕ್ಲೀನಾಗಿದೆ ಅಂತಾರೆ, ಅಪ್ಪ ಒಂದು ತಿಂಗಳದ್ದು ಕಟ್ಟಿಬಿಡ್ತಾರೆ. ನಾಲ್ಕನೇ ದಿನಕ್ಕೆ ನಿಮಗೆ ಬೇಜಾರು, ದುಡ್ಡು ವಾಪಸ್ ಬರಲ್ಲ. ನಂಗೂ ಹಂಗೇ ಆಗಿದ್ದು.

ಅದಕ್ಕೆ ಮೊದಲ ಒಂದು ವಾರ ಬಿಡಿಯಾಗಿ ದುಡ್ಡು ಕೊಟ್ಟು ಮೂರ್ನಾಲ್ಕು ಕಡೆ ತಿನ್ನಿ, ಒಂದೊಂದು ಕಡೆ ಎರಡೆರಡು ಸಲ ತಿನ್ನಿ. ಒಂದು ಸಲ ಮಧ್ಯಾಹ್ನ ಒಂದು ಗಂಟೆಗೆ, ಇನ್ನೊಂದು ಸಲ ಎರಡೂವರೆ ಮೇಲೆ. ಒಂದು ಗಂಟೆಗೆ ಎಲ್ಲಾ ಕಡೆ ಊಟ ಚೆನ್ನಾಗೇ ಇರತ್ತೆ, ಎರಡೂವರೆಗೆ ಹೋದಾಗ ಸಾರಿಗೆ ನೀರು ಬಿದ್ದಿದ್ಯಾ, ರೊಟ್ಟಿ ಬೆಳಿಗ್ಗೆ ಬಡಿದು ಪೇರಿಸಿಟ್ಟಿದ್ದಾ ಅಂತ ಗೊತ್ತಾಗತ್ತೆ. ರಾತ್ರಿ ಊಟಕ್ಕೂ ಒಂದು ಸಲ ಹೋಗಿ, ಮಧ್ಯಾಹ್ನದ ಪಲ್ಯನೇ ಮತ್ತೆ ಬಂದ್ರೆ ತಿಂಗಳಿಡೀ ಅದೇ ಕಥೆ.

ನೋಡ್ಬೇಕಾಗಿರೋದು ಗೋಡೆ ಬಣ್ಣ ಅಲ್ಲ. ಕೈ ತೊಳೆಯೋ ಜಾಗ, ಕುಡಿಯೋ ನೀರಿನ ಡ್ರಮ್ಮಿಗೆ ಮುಚ್ಚಳ ಇದ್ಯಾ, ತಟ್ಟೆ ಬರೀ ಒಂದೇ ಬಕೆಟ್ ನೀರಲ್ಲಿ ಅದ್ದಿ ತೆಗೀತಾರಾ. ಮತ್ತೆ ಅಲ್ಲಿ ಯಾರು ಊಟ ಮಾಡ್ತಿದಾರೆ ನೋಡಿ. ವರ್ಷಗಟ್ಟಲೆ ಇಲ್ಲೇ ಇದ್ದು ಓದ್ತಿರೋ ಪಿಎಸ್‌ಐ, ಕೆಎಎಸ್ ಅಭ್ಯರ್ಥಿಗಳು ಎಲ್ಲಿ ಕೂತಿರ್ತಾರೋ ಆ ಖಾನಾವಳಿ ಕೆಟ್ಟದಿರಲ್ಲ, ಯಾಕಂದ್ರೆ ಅವರ ಬಜೆಟ್ಟೂ ಟೈಟು, ಹೊಟ್ಟೆ ಕೆಟ್ಟು ಒಂದು ದಿನ ಹಾಳಾಗೋದೂ ಅವರಿಗೆ ಆಗಲ್ಲ. ಫುಡ್ ಲೈಸೆನ್ಸ್ ಗೋಡೆ ಮೇಲೆ ಹಾಕಿದ್ರೆ ಎಫ್‌ಎಸ್‌ಎಸ್‌ಎಐ ಅಂತ 14 ಅಂಕಿ ನಂಬರ್ ಇರತ್ತೆ, ಅದೂ ಒಂದು ಕಣ್ಣು ಹಾಕಿ.

3. ರೊಟ್ಟಿ ಊಟ ಮಾಡೋದು ಹೇಗೆ

ಇದನ್ನ ಯಾರೂ ಹೇಳ್ಕೊಡಲ್ಲ, ಎಲ್ಲರಿಗೂ ಗೊತ್ತಿದೆ ಅಂದ್ಕೊಂಡಿರ್ತಾರೆ.

ತಟ್ಟೇಲಿ ಏನೇನು ಬರತ್ತೆ ಅಂದ್ರೆ ಎರಡು ರೊಟ್ಟಿ ಅಥವಾ ಚಪಾತಿ, ಒಂದು ಕಾಳು ಪಲ್ಯ (ಹೆಸರು ಕಾಳು, ಮಡಕಿ ಕಾಳು, ಅಲಸಂದಿ ಹೀಗೆ), ಒಂದು ಕಾಯಿಪಲ್ಲೆ, ಚಟ್ನಿಪುಡಿ, ಮೊಸರು ಅಥವಾ ಮಜ್ಜಿಗೆ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಕೆಲವು ಸಲ ಹಸಿ ಮೆಂತೆ ತಪ್ಪಲ, ಆಮೇಲೆ ಅನ್ನ ಸಾರು. ಹಸಿ ಮೆಂತೆ ನೋಡಿ ಇದೇನು ಅಲಂಕಾರಕ್ಕಾ ಅಂದ್ಕೊಂಡಿದ್ದೆ ನಾನು. ಅಲ್ಲ, ಕಚ್ಕೊಂಡು ತಿನ್ನೋಕೆ.

ಎಣಗಾಯಿ ಅಂದ್ರೆ ಎಳೆ ಬದನೆಕಾಯಿ ಸೀಳಿ ಶೇಂಗಾ, ಎಳ್ಳು, ಗುರೆಳ್ಳು ಮಸಾಲೆ ತುಂಬಿ ಎಣ್ಣೇಲಿ ಬೇಯಿಸಿದ್ದು. ಝುಣಕ ಅಂದ್ರೆ ಕಡ್ಲೆಹಿಟ್ಟಿನ ಗಟ್ಟಿ ಪಲ್ಯ, ಉಳ್ಳಾಗಡ್ಡಿ ಒಗ್ಗರಣೆ ಹಾಕಿದ್ದು. ಪುಂಡಿ ಪಲ್ಯ ಹುಳಿ ಸೊಪ್ಪಿಂದು, ಜೋಳದ ನುಚ್ಚು ಹಾಕಿ ಮಾಡಿರ್ತಾರೆ, ಮೊದಲ ಸಲ ಬಾಯಿಗೆ ವಿಚಿತ್ರ ಅನ್ಸತ್ತೆ, ಮೂರನೇ ಸಲಕ್ಕೆ ನೀವೇ ಕೇಳಿ ಹಾಕಿಸ್ಕೊತೀರ. ರಂಜಕ ಅಂದ್ರೆ ಕೆಂಪು ಮೆಣಸಿನಕಾಯಿ ಅರೆದ ಚಟ್ನಿ, ಇದನ್ನ ಬೆರಳ ತುದೀಲಿ ಮುಟ್ಟಿ ನೋಡಿ ಆಮೇಲೆ ಮುಂದುವರೀರಿ.

ಬಿಸಿ ರೊಟ್ಟಿ, ಖಡಕ್ ರೊಟ್ಟಿ ಎರಡೂ ಬೇರೆ ಬೇರೆ. ಜೋಳದ ಹಿಟ್ಟಿಗೆ ಗೋಧಿ ಥರ ಜಿಗುಟಿರಲ್ಲ, ಅದಕ್ಕೆ ಕುದಿಯೋ ನೀರು ಹಾಕಿ ನಾದಿ ಕೈಯಲ್ಲಿ ಬಡೀತಾರೆ. ಬಿಸಿ ಇರೋವಾಗ ಹತ್ತಿ ಥರ ಇರತ್ತೆ, ನೀವು ಮೊಬೈಲ್ ನೋಡ್ಕೊಂಡು ಹತ್ತು ನಿಮಿಷ ಕೂತ್ರೆ ತೊಗಲಾಗತ್ತೆ. ಆದ್ದರಿಂದ ಎರಡು ಬಿಸಿ ರೊಟ್ಟೀನೂ ಒಟ್ಟಿಗೆ ಹಾಕಿಸ್ಕೋಬೇಡಿ, ಒಂದು ಮುಗಿಸಿ ಇನ್ನೊಂದು ಕೇಳಿ. ಖಡಕ್ ರೊಟ್ಟಿ ಅಂದ್ರೆ ಅದನ್ನೇ ಪೂರ್ತಿ ಒಣಗಿಸಿ ಹಪ್ಪಳದ ಥರ ಮಾಡಿದ್ದು. ಅದನ್ನ ಸುಮ್ನೆ ಕಡೀಬೇಡಿ, ಮುರಿದು ಬ್ಯಾಳಿಗೋ ಮೊಸರಿಗೋ ಹಾಕಿ ಎರಡು ನಿಮಿಷ ಬಿಡಿ.

ಚಟ್ನಿಪುಡಿ ಒಣಗಿರೋದನ್ನ ಹಾಗೇ ತಿಂದು ಗಂಟಲಿಗೆ ಸಿಕ್ಕಿಸ್ಕೊಂಡು ಕೆಮ್ಮೋರೇ ಹೆಚ್ಚು. ಶೇಂಗಾ ಚಟ್ನಿ ಮೊಸರಲ್ಲಿ ಕಲಸ್ಕೊಳಿ, ಅಗಸಿ ಚಟ್ನಿಗೆ (ಅಗಸೆ ಬೀಜದ್ದು) ಒಂದು ಚಮಚ ಎಣ್ಣೆ ಹಾಕಿಸ್ಕೊಳಿ.

ಕೆಂಪು ಬಣ್ಣ ನೋಡಿ ಹೆದರೋದೂ ಬೇಡ. ಬ್ಯಾಡಗಿ ಮೆಣಸಿನಕಾಯಿ ಇಲ್ಲೇ ಹಾವೇರಿ ಜಿಲ್ಲೇದು, ಬಣ್ಣ ಜಾಸ್ತಿ ಖಾರ ಕಡಿಮೆ. ರಕ್ತದ ಥರ ಕಾಣೋ ಪಲ್ಯ ಎಷ್ಟೋ ಸಲ ಸಪ್ಪೆ ಇರತ್ತೆ. ಮೋಸ ಮಾಡೋದು ಹಸಿಮೆಣಸಿನಕಾಯಿ ಖಾರ, ಅದು ಹಸಿರಾಗಿ ಪಾಪದ ಥರ ಕೂತಿರತ್ತೆ.

ಹೊಟ್ಟೆ ವಿಷ್ಯ: ನಮ್ಮಂಥ ಅನ್ನದ ಹೊಟ್ಟೆಗಳಿಗೆ ಜೋಳ, ಕಾಳು ಎರಡೂ ಒಮ್ಮೆಲೇ ಬಿದ್ರೆ ಮೊದಲು ಗ್ಯಾಸ್ ಆಗತ್ತೆ, ಗಾಬರಿ ಬೇಡ. ಮೊದಲ ವಾರ ಮಧ್ಯಾಹ್ನ ಮಾತ್ರ ರೊಟ್ಟಿ, ರಾತ್ರಿ ಚಪಾತಿ ಇಲ್ಲಾ ಅನ್ನ ತಿನ್ನಿ, ನೀರು ಚೆನ್ನಾಗಿ ಕುಡೀರಿ, ಮಜ್ಜಿಗೆ ಬಿಡಬೇಡಿ. ನಂಗೆ ಸರಿಹೋಗೋಕೆ ಎರಡು ವಾರ ಹಿಡೀತು. ಈಗ ಊರಿಗೆ ಹೋದ್ರೆ ರೊಟ್ಟಿ ಇಲ್ಲದೆ ನಿದ್ದೆ ಬರಲ್ಲ ಅಂತ ಅಮ್ಮ ಆಡ್ಕೊಳ್ತಾಳೆ.

4. ಈಗ ಲೆಕ್ಕ ಹಾಕಿ ದುಡ್ಡು ಕಟ್ಟಿ

ತಿಂಗಳ ಊಟ ಅಂದ್ರೆ ಕಾರ್ಡ್ ಕೊಡ್ತಾರೆ, ಒಂದೊಂದು ಊಟಕ್ಕೆ ಒಂದೊಂದು ಗೀಟು. ಡಬ್ಬಿ ಹಚ್ಚೋದು ಅಂದ್ರೆ ರೂಮಿಗೇ ಟಿಫಿನ್ ಕ್ಯಾರಿಯರ್ ತರಿಸ್ಕೊಳೋದು.

ಉದಾಹರಣೆಗೆ ತಿಂಗಳಿಗೆ 3000 ಅಂತ ಇಟ್ಕೊಳಿ, ದಿನಕ್ಕೆ ಎರಡು ಊಟ, 60 ಊಟ, ಅಂದ್ರೆ ಊಟಕ್ಕೆ 50 ರೂಪಾಯಿ ಬಿತ್ತು ಅಂತ ಖುಷಿಯಾಗ್ತೀರ. ಆದ್ರೆ ತುಂಬಾ ಕಡೆ ಭಾನುವಾರ ರಾತ್ರಿ ಅಡುಗೆ ಇರಲ್ಲ, ಅದು 4 ಹೋಯ್ತು. ತಿಂಗಳಲ್ಲಿ ಒಂದು ಸಲ ಊರಿಗೆ ಹೋದ್ರೆ 6 ಊಟ ಹೋಯ್ತು. ಫ್ರೆಂಡ್ಸ್ ಜೊತೆ ಹೊರಗಡೆ ತಿಂದಿದ್ದು, ಬರ್ತ್‌ಡೇ, ಸುಮ್ನೆ ಮಲಗಿಬಿಟ್ಟಿದ್ದು ಅಂತ ಇನ್ನೊಂದು 10. ಉಳಿದಿದ್ದು 40 ಊಟ, ಒಂದಕ್ಕೆ 75 ರೂಪಾಯಿ ಬಿತ್ತು. ಬಿಡಿ ಊಟ 70ಕ್ಕೆ ಸಿಗ್ತಿದ್ರೆ ನೀವು ಕಾರ್ಡ್ ತಗೊಂಡಿದ್ದೇ ನಷ್ಟ. ಇವು ಲೆಕ್ಕಕ್ಕೆ ಹಾಕಿರೋ ನಂಬರ್‌ಗಳು, ನಿಮ್ಮ ಏರಿಯಾದ ರೇಟ್ ಹಾಕಿ ನೀವೇ ನೋಡ್ಕೊಳಿ.

ದುಡ್ಡು ಕೊಡೋಕೆ ಮುಂಚೆ ಕೇಳಲೇಬೇಕಾದ್ದು ಮೂರೇ. ಬಿಟ್ಟ ಊಟ ಮುಂದಿನ ತಿಂಗಳಿಗೆ ಸೇರತ್ತಾ? ಹಿಂದಿನ ದಿನ ಹೇಳಿದ್ರೆ ಕಟ್ ಮಾಡ್ತಾರಾ? ರೊಟ್ಟಿ ಎಷ್ಟು ಬೇಕಾದ್ರೂ ಹಾಕ್ತಾರಾ ಅಥವಾ ಎರಡರ ಮೇಲೆ ದುಡ್ಡಾ? ಬಾಯಲ್ಲಿ ಹೇಳಿದ್ದು ಸಾಲಲ್ಲ, ಕಾರ್ಡಿನ ಹಿಂದೆ ಬರೆಸ್ಕೊಳಿ, ಕಾರ್ಡಿನ ಫೋಟೋ ವಾರಕ್ಕೊಂದು ಸಲ ತೆಗೆದಿಟ್ಕೊಳಿ. ಕಾರ್ಡ್ ಕಳೆದೋಯ್ತು ಅಂತ ಒದ್ದಾಡೋರನ್ನ ನಾನು ಪ್ರತೀ ತಿಂಗಳೂ ನೋಡ್ತೀನಿ.

ಕೈ ತೀರಾ ಖಾಲಿ ಇರೋ ದಿನ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ನಾಷ್ಟಾ, 10ಕ್ಕೆ ಊಟ, ಬೇಗ ಹೋಗ್ಬೇಕು ಅಷ್ಟೇ. ಹುಬ್ಬಳ್ಳಿಗೆ ಹೋದ ದಿನ ಸಿದ್ಧಾರೂಢ ಮಠದಲ್ಲಿ ದಾಸೋಹ ಇದೆ. ಇದರಲ್ಲಿ ಸಂಕೋಚ ಪಡೋಂಥದ್ದೇನಿಲ್ಲ. ಈ ಊರಲ್ಲಿ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡವರಾದೋರು ಬಹಳ ಜನ ಇದಾರೆ.

5. ರೂಮಲ್ಲಿ ಏನಿಟ್ಕೋಬೇಕು

ಖಡಕ್ ರೊಟ್ಟಿ ಒಂದು ಕಟ್ಟು, ಶೇಂಗಾ ಚಟ್ನಿ ಕಾಲು ಕೆಜಿ, ಗಾಳಿ ಹೋಗದ ಡಬ್ಬ. ರಾತ್ರಿ ಹನ್ನೊಂದಕ್ಕೆ ಹಸಿವಾದ್ರೆ ಒಂದು ಪ್ಯಾಕೆಟ್ ಮೊಸರು ಸೇರಿಸಿದ್ರೆ ಊಟ ಆಯ್ತು. ರೊಟ್ಟಿ ಮನೇಲೇ ಬಡಿದು ಮಾರೋ ಅಕ್ಕಂದಿರು ಓಣಿ ಓಣೀಲಿ ಇದಾರೆ, ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ. ಮಳೆಗಾಲದಲ್ಲಿ ಹುಷಾರು, ಧಾರವಾಡದ ಜಿಟಿಜಿಟಿ ಮಳೆ ಜೂನಲ್ಲಿ ಶುರುವಾದ್ರೆ ಗೋಡೆಯೇ ಬೆವರತ್ತೆ, ಡಬ್ಬ ಮುಚ್ಚದಿದ್ರೆ ಮೂರೇ ದಿನಕ್ಕೆ ರೊಟ್ಟಿ ಮೆತ್ತಗಾಗಿ ವಾಸನೆ ಹೊಡೆಯತ್ತೆ, ಬೂಸ್ಟು ಬಂದಿದ್ರೆ ಕೆರೆದು ತಿನ್ನೋ ಸಾಹಸ ಬೇಡ. ಪಿಜೀಲಿ ಇಂಡಕ್ಷನ್ ಒಲೆ ಇಡೋಕೆ ಬಿಡ್ತಾರಾ ಅಂತ ತರೋಕೆ ಮುಂಚೆ ಕೇಳಿ.

6. ಸಂಜೆ ಐದರ ಮೇಲೆ: ಗಿರಮಿಟ್ಟು, ಮಿರ್ಚಿ

ಇದು ಬರೀ ತಿಂಡಿ ಅಲ್ಲ, ಇಲ್ಲಿ ಫ್ರೆಂಡ್ಸ್ ಆಗೋದೇ ಹಿಂಗೆ.

ಗಿರಮಿಟ್ಟು ಅಂದ್ರೆ ನಮ್ಮ ಮೈಸೂರು ಚುರುಮುರಿ ಅಲ್ಲ. ಮೈಸೂರು ಕಡೆ ಕ್ಯಾರೆಟ್ ತುರಿದು ಹಸಿಹಸಿಯಾಗಿ ಕಲಸಿ ಕೊಡ್ತಾರಲ್ಲ, ಇಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಣ್ಣೇಲಿ ಬಾಡಿಸಿ ಹುಣಸೆಹುಳಿ, ಬೆಲ್ಲ ಹಾಕಿ ಗೊಜ್ಜು ಕುದಿಸಿಟ್ಟಿರ್ತಾರೆ. ಆ ಗೊಜ್ಜಲ್ಲಿ ಚುರಮರಿ ಕಲಸಿ ಪುಠಾಣಿ ಹಿಟ್ಟು ಉದುರಿಸಿ ಮೇಲೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಸೇವು. ಪಕ್ಕಕ್ಕೆ ಮಿರ್ಚಿ ಭಜಿ. ಒಂದು ತುತ್ತು ಗಿರಮಿಟ್ಟು, ಒಂದು ಕಡಿತ ಮಿರ್ಚಿ, ಹಾಗೆ ನಡೀಬೇಕು.

ಕಲಸಿದ ಕೂಡಲೇ ತಿನ್ಬೇಕು, ಪಾರ್ಸಲ್ ತಗೊಂಡು ರೂಮಿಗೆ ಹೋಗಿ ತಿಂತೀನಿ ಅಂದ್ರೆ ಅಲ್ಲಿಗೆ ತಲುಪೋ ಹೊತ್ತಿಗೆ ಅದು ಉಪ್ಪಿಟ್ಟಾಗಿರತ್ತೆ. ತರಲೇಬೇಕು ಅಂದ್ರೆ ಗೊಜ್ಜು ಬೇರೆ ಚುರಮರಿ ಬೇರೆ ಕಟ್ಟಿಸ್ಕೊಳಿ. ಖಾರ ತಡ್ಕೊಳೋಕೆ ಆಗದೋರು "ಜರಾ ಸಿಹಿ ಮುಂದ ಮಾಡ್ರಿ" ಅಂದ್ರೆ ಬೆಲ್ಲದ ಗೊಜ್ಜು ಜಾಸ್ತಿ ಹಾಕ್ತಾರೆ. ಮಿರ್ಚಿ ಕುದೀತಿರೋ ಬಾಣಲೆಯಿಂದ ತೆಗೆದಿದ್ದನ್ನೇ ತಗೊಳಿ, ಮಧ್ಯಾಹ್ನದಿಂದ ಗಾಜಿನ ಪೆಟ್ಟಿಗೇಲಿ ಕೂತಿರೋದನ್ನ ಬಿಸಿ ಎಣ್ಣೆಗೆ ಅದ್ದಿ ಕೊಟ್ರೆ ಬೇಡ ಅನ್ನಿ. ಎಣ್ಣೆ ಕಪ್ಪಗಾಗಿ ನೊರೆ ಬರ್ತಿದ್ರೆ ಪಕ್ಕದ ಗಾಡಿ ನೋಡ್ಕೊಳಿ.

ಗೋಬಿ ಮಂಚೂರಿ ಕೇಳೋರಿಗೆ ಒಂದು ಮಾತು. ಕೆಂಪಗೆ ಹೊಳೀತಿದ್ರೆ ತಿನ್ನಬೇಡಿ, ಅದಕ್ಕೆ ಕೃತಕ ಬಣ್ಣ ಹಾಕೋದನ್ನ ನಮ್ಮ ರಾಜ್ಯದಲ್ಲಿ 2024ರ ಮಾರ್ಚಲ್ಲೇ ನಿಷೇಧ ಮಾಡಿದಾರೆ. ಕಂದು ಬಣ್ಣದ್ದು ನೋಡೋಕೆ ಸಪ್ಪೆ, ತಿನ್ನೋಕೆ ಅಷ್ಟೇ ಚೆನ್ನಾಗಿರತ್ತೆ. ಮತ್ತೆ ಗಾಡಿಗಳ ಹತ್ರ ಹೋಗೋವಾಗ ಹತ್ತು ಇಪ್ಪತ್ತರ ಚಿಲ್ಲರೆ ನೋಟು ಇಟ್ಕೊಳಿ, ಎಲ್ಲರ ಹತ್ರಾನೂ ಸ್ಕ್ಯಾನರ್ ಇರಲ್ಲ.

7. ಸಾವಜಿ: ಮಾಂಸ ತಿನ್ನೋರಿಗೆ ಮಾತ್ರ

ಎಸ್‌ಎಸ್‌ಕೆ ಸಮುದಾಯದವರ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು) ಅಡುಗೆ, ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಸಾವಜಿ ಖಾನಾವಳಿ ಅಂತ ಬೋರ್ಡ್ ಕಾಣತ್ತೆ. ಇಲ್ಲಿ ಖಾರ ನಿಜವಾಗ್ಲೂ ಖಾರ. ಬಂದ ವಾರವೇ ಸೀನಿಯರ್ಸ್ ಕರ್ಕೊಂಡು ಹೋಗ್ತಾರೆ, ನಿಮ್ಮ ಮುಖ ನೋಡಿ ನಗೋಕೆ, ಒಂದು ತಿಂಗಳು ತಡೀರಿ. ಹೋದಾಗ ಮೊದಲು ಖೀಮಾ ಒಂದು ಹೇಳಿ ನಾಲ್ಕು ಜನ ಹಂಚ್ಕೊಳಿ. ರಸ ಮೊದಲೇ ಅನ್ನಕ್ಕೆ ಸುರ್ಕೋಬೇಡಿ, ಜೋಳದ ರೊಟ್ಟೀಲಿ ಅದ್ಕೊಂಡು ತಿಂದ್ರೆ ಖಾರ ಹಿಡಿತದಲ್ಲಿರತ್ತೆ. ಬಾಯಿ ಉರಿದ್ರೆ ನೀರು ಕುಡಿದು ಪ್ರಯೋಜನ ಇಲ್ಲ, ಮಜ್ಜಿಗೆ ಇಲ್ಲಾ ಮೊಸರು. ನಾಳೆ ಬೆಳಿಗ್ಗೆ ಪರೀಕ್ಷೆ ಇದ್ರೆ ಇವತ್ತು ಸಾವಜಿ ಬೇಡ, ಯಾಕೆ ಅಂತ ಬಿಡಿಸಿ ಹೇಳಲ್ಲ.

8. ಪೇಡಾ, ಊರಿಗೆ ಹೋಗೋ ಹಿಂದಿನ ದಿನ

ಪ್ಲೇಗ್ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಥಾಕೂರ್ ಮನೆತನದೋರು ಶುರು ಮಾಡಿದ್ದು ಇದು. ಲೈನ್ ಬಜಾರಲ್ಲಿ ಬಾಬುಸಿಂಗ್ ಥಾಕೂರ್ ಅಂಗಡಿ ಈಗಲೂ ಇದೆ. ಮಿಶ್ರಾ ಪೇಡಾ 1933ರಲ್ಲಿ ಶುರುವಾಗಿದ್ದು, ಅವರ ಅಂಗಡಿ ಬೇಕಾದಷ್ಟು ಕಡೆ ಸಿಗತ್ತೆ. ಎರಡರಲ್ಲಿ ಯಾವುದು ಅಂತ ಇಲ್ಲಿ ಯಾರನ್ನೂ ಕೇಳ್ಬೇಡಿ, ಅರ್ಧ ಗಂಟೆ ಹೋಗತ್ತೆ. ನನ್ನ ವೋಟು ಲೈನ್ ಬಜಾರಿಗೆ, ಸಕ್ಕರೆ ಹೊರಗಡೆ, ಒಳಗೆ ಚೆನ್ನಾಗಿ ಹುರಿದ ಖೋವಾ (ಹಾಲು ಇಂಗಿಸಿದ ಗಟ್ಟಿ), ಸ್ವಲ್ಪ ತರಿತರಿ. ಆದ್ರೆ ಅಲ್ಲಿ ಕ್ಯೂ ಇರತ್ತೆ, ಮಾಲು ಖಾಲಿಯಾದ್ರೆ ಮುಗೀತು, ಬಸ್ಸಿಗೆ ಅರ್ಧ ಗಂಟೆ ಇದ್ದಾಗ ಓಡಬೇಡಿ. ಧಾರವಾಡ ಪೇಡಾಕ್ಕೆ ಜಿಐ ಟ್ಯಾಗ್ ಇದೆ (ಈ ಊರಿನದೇ ಅಂತ ಕಾನೂನಲ್ಲಿ ಗುರುತಿಸಿರೋ ಹೆಸರು), ಆದ್ರೂ ಹೆದ್ದಾರಿ ಬದಿ, ಬಸ್ ಸ್ಟ್ಯಾಂಡಲ್ಲಿ 'ಧಾರವಾಡ ಪೇಡಾ' ಅಂತ ಏನೇನೋ ಮಾರ್ತಾರೆ, ಬಿಳಿಚ್ಕೊಂಡು ಮೆತ್ತಗಿದ್ರೆ ಬಿಡಿ. ಪ್ಯಾಕ್ ಮಾಡಿದ ದಿನ ನೋಡಿ ತಗೊಳಿ, ಒಂದು ವಾರದೊಳಗೆ ತಿನ್ನಿ.

9. ಭಾನುವಾರ ಹುಬ್ಬಳ್ಳಿ

ಸುಮಾರು 20 ಕಿಲೋಮೀಟರ್, ಚಿಗರಿ ಬಸ್ಸಲ್ಲಿ ಆರಾಮಾಗಿ ಹೋಗಬಹುದು (ಬಿಆರ್‌ಟಿಎಸ್, ಅದಕ್ಕೇ ಅಂತ ಬೇರೆ ದಾರಿ ಇರೋ ಎಸಿ ಬಸ್). ಸಂಜೆ ದುರ್ಗದ ಬೈಲಲ್ಲಿ ಗಾಡಿಗಳ ಸಾಲು ನಿಲ್ಲತ್ತೆ, ಹೊಟ್ಟೆ ಖಾಲಿ ಇಟ್ಕೊಂಡು ಹೋಗಿ, ಒಂದೇ ಗಾಡೀಲಿ ತುಂಬಿಸ್ಕೋಬೇಡಿ. ವಾಪಸ್ ಬಸ್ ಎಷ್ಟು ಗಂಟೆವರೆಗೆ ಅಂತ ಇಳಿಯೋವಾಗಲೇ ಕೇಳ್ಕೊಳಿ, ಹಾಸ್ಟೆಲ್ ಗೇಟ್ ಟೈಮೂ ನೆನಪಿರ್ಲಿ.

10. ಹೊಟ್ಟೆ ಕೆಟ್ರೆ

ಕೆಡತ್ತೆ, ಒಂದಲ್ಲ ಒಂದು ಸಲ. ಓಆರ್‌ಎಸ್ ಪ್ಯಾಕೆಟ್ ಎರಡು ರೂಮಲ್ಲಿ ಇರ್ಲಿ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಪೂರ್ತಿ ಹಾಕ್ಬೇಕು, ಲೋಟಕ್ಕೆ ಸ್ವಲ್ಪ ಸ್ವಲ್ಪ ಅಂತ ಅಲ್ಲ. ಪ್ಯಾಕೆಟ್ ಇಲ್ಲದಿದ್ರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಸಮವಾಗಿ ತುಂಬಿ ಅಳೀರಿ. ಜ್ವರ, ರಕ್ತ, ಅಥವಾ ಕುಡಿದಿದ್ದೆಲ್ಲ ವಾಂತಿ ಆಗ್ತಿದ್ರೆ ಮೆಡಿಕಲ್ ಶಾಪಲ್ಲಿ ಮಾತ್ರೆ ಕೇಳ್ಕೊಂಡು ನಿಲ್ಲಬೇಡಿ, ಆಸ್ಪತ್ರೆಗೆ ಹೋಗಿ.

11. ಕ್ಲಾಸ್‌ಮೇಟ್ ಊರಿಗೆ ಕರೆದ್ರೆ ಹೋಗಿ

ಎಳ್ಳ ಅಮಾವಾಸ್ಯೆ, ಶೀಗಿ ಹುಣ್ಣಿಮೆ ಹೊತ್ತಲ್ಲಿ ಹಳ್ಳಿ ಹುಡುಗರು ಚರಗಕ್ಕೆ ಕರೀತಾರೆ. ಚರಗ ಅಂದ್ರೆ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗಿ ಭೂಮಿ ತಾಯಿಗೆ ಎಡೆ ಮಾಡಿ, ಅಡುಗೆ ಹೊಲದ ಸುತ್ತ ಚೆಲ್ಲಿ, ಅಲ್ಲೇ ಕೂತು ಎಲ್ಲರೂ ಉಣ್ಣೋದು. ಕಡುಬು, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ. ಮೇಲೆ ಬರೆದಿರೋ ಯಾವ ಖಾನಾವಳೀನೂ ಇದರ ಹತ್ರ ಬರಲ್ಲ. ಬೆಳಿಗ್ಗೆ ನಾಷ್ಟಾ ಮಾಡ್ಬೇಡಿ. ಸಾಕು ಅನ್ನೋದನ್ನ ಒಂದು ಸಲ ಮುಂಚೆಯೇ ಹೇಳಿ, ಯಾಕಂದ್ರೆ ನೀವು ಸಾಕು ಅಂದ ಮೇಲೆ ಇನ್ನೊಂದು ಬಿದ್ದೇ ಬೀಳತ್ತೆ. ಬರೋವಾಗ ಅವರಮ್ಮ ಡಬ್ಬಿ ತುಂಬಾ ರೊಟ್ಟಿ ಕಟ್ಟಿ ಕೊಡ್ತಾರೆ, ಆ ಡಬ್ಬಿ ಖಾಲಿ ವಾಪಸ್ ಕೊಡಂಗಿಲ್ಲ. ನಾನು ಊರಿಂದ ಕೊಬ್ಬರಿ ತುಂಬ್ಕೊಂಡು ಹೋಗಿ ಕೊಡ್ತೀನಿ, ನೀವು ನಿಮ್ಮೂರಲ್ಲಿ ಏನು ಸಿಗತ್ತೋ ಅದನ್ನ ಬ್ಯಾಗಲ್ಲಿ ಮೊದಲೇ ಇಟ್ಕೊಂಡು ಬನ್ನಿ.